ಬಟಾಣಿ ತೋಟದ ಗುರುಗಳು: ಗ್ರೆಗೋರ್ ಮೆಂಡೆಲ್

ಗೊರಗುಂಟೆಪಾಳ್ಯದ ಒಂದು ಮನೆಯಲ್ಲಿ ಜ್ಞಾನಸ್ನಾನದ ಊಟ. ಎಲೆ ಹಾಕುವ ಮುನ್ನ ಮಗುವನ್ನು ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ದಾಟಿಸುತ್ತಾ ನೆಂಟರೆಲ್ಲ ತಮ್ಮ ತಮ್ಮ ತೀರ್ಪು ಕೊಡುತ್ತಿದ್ದರು. ಮೂಗು ಅಜ್ಜನದು, ಹಣೆ ಸೋದರತ್ತೆಯದು, ಆದರೆ ಈ ಗುಂಗುರು ಕೂದಲು ಮಾತ್ರ ಯಾರದು? ತಂದೆಗೂ ಇಲ್ಲ, ತಾಯಿಗೂ ಇಲ್ಲ. ಕೊನೆಗೆ ಮೂಲೆಯಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು, ತೀರಿಹೋದ ತಮ್ಮ ತಂಗಿಗೆ ಇಂಥದೇ ಕೂದಲಿತ್ತು ಎಂದು ಕಣ್ಣೊರೆಸಿಕೊಂಡರು. ಎಲ್ಲರಿಗೂ ಸಂತೋಷವಾಯಿತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹಿರಿಯರೊಬ್ಬರು ನಿಟ್ಟುಸಿರುಬಿಟ್ಟು, ಮೂರನೆಯದೂ ಹೆಣ್ಣೇ ಆಯಿತು, ಈ ಸೊಸೆಗೆ ಗಂಡು ಹೆರುವ ಭಾಗ್ಯವಿಲ್ಲ ಎಂದುಬಿಟ್ಟರು. ಬಾಣಂತಿ ತಲೆ ತಗ್ಗಿಸಿ ಒಳಗೆ ಹೋದಳು.

ಇಂಥ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. ಮಗು ಕಿವುಡಾಗಿ ಹುಟ್ಟಿದರೆ, ಬುದ್ಧಿ ಬೆಳವಣಿಗೆ ನಿಧಾನವಾದರೆ, ಯಾರ ಪಾಪದ ಫಲ ಇದು ಎಂದು ಕೇಳುವವರು ಇಂದಿಗೂ ಇದ್ದಾರೆ. ಪ್ರಭು ಯೇಸುವಿನ ಶಿಷ್ಯರು ಹುಟ್ಟುಕುರುಡನನ್ನು ಕಂಡು ಕೇಳಿದ್ದೂ ಇದೇ ಪ್ರಶ್ನೆ. ಪ್ರಭು ಆ ಮನುಷ್ಯನ ಮೇಲಾಗಲಿ ಅವನ ತಂದೆತಾಯಿಯ ಮೇಲಾಗಲಿ ದೋಷ ಹೊರಿಸಲಿಲ್ಲ.

ಹಾಗಾದರೆ ಅಜ್ಜನ ಮೂಗು ಮೊಮ್ಮಗಳಿಗೆ ಹೇಗೆ ಬರುತ್ತದೆ? ತಂದೆತಾಯಿಯಲ್ಲಿ ಕಾಣದ ಗುಣ ಮಗುವಿನಲ್ಲಿ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ಲೋಕದಲ್ಲಿ ಮೊದಲು ಸರಿಯಾದ ದಾರಿ ತೋರಿಸಿದವರು ನಮ್ಮ ಧರ್ಮಸಭೆಯ ಒಬ್ಬ ಸನ್ಯಾಸಿ ಗುರು. ಅವರ ಬಾಳನ್ನು ತಿಳಿದರೆ ಆ ಬಾಣಂತಿಗೆ ಹೇಳಬೇಕಾದ ಸಮಾಧಾನವೂ ನಮಗೆ ಸಿಗುತ್ತದೆ.

ರೈತನ ಮಗ

1822ರ ಜುಲೈ ತಿಂಗಳಲ್ಲಿ ಅಂದಿನ ಆಸ್ಟ್ರಿಯಾ ಸಾಮ್ರಾಜ್ಯದ ಹೈಂಜೆನ್‌ಡಾರ್ಫ್ ಎಂಬ ಸಣ್ಣ ಹಳ್ಳಿಯಲ್ಲಿ ಒಂದು ಬಡ ರೈತ ಕುಟುಂಬದಲ್ಲಿ ಗಂಡು ಮಗು ಹುಟ್ಟಿತು. ಆ ಹಳ್ಳಿ ಇಂದು ಚೆಕ್ ಗಣರಾಜ್ಯದಲ್ಲಿದೆ. ಮಗುವಿಗೆ ಯೋಹಾನ್ ಎಂದು ಹೆಸರಿಟ್ಟರು. ತಂದೆ ಆಂಟನ್ ಮೆಂಡೆಲ್ ವಾರದಲ್ಲಿ ಮೂರು ದಿನ ಜಮೀನ್ದಾರರ ಹೊಲದಲ್ಲಿ ಬಿಟ್ಟಿ ದುಡಿಯಬೇಕಾಗಿತ್ತು. ಉಳಿದ ದಿನಗಳಲ್ಲಿ ಸ್ವಂತ ಹೊಲ ನೋಡಿಕೊಂಡು, ಹಿತ್ತಲಲ್ಲಿ ಹಣ್ಣಿನ ಗಿಡಗಳನ್ನು ಬೆಳೆಸುತ್ತಿದ್ದರು. ಊರಿನ ವಿಚಾರಣಾ ಗುರುಗಳಾದ ಫಾದರ್ ಶ್ರೈಬರ್ ಅವರು ಶಾಲೆಯ ಮಕ್ಕಳಿಗೆ ಜಪತಪದ ಜೊತೆಗೆ ಹಣ್ಣಿನ ಗಿಡಗಳಿಗೆ ಕಸಿ ಕಟ್ಟುವುದನ್ನೂ ಕಲಿಸುತ್ತಿದ್ದರು. ಯೋಹಾನನ ಮೊದಲ ವಿಜ್ಞಾನ ಪಾಠ ಇದೇ.

ಹುಡುಗ ಚುರುಕು. ಆದರೆ ಓದಿಸಲು ಮನೆಯಲ್ಲಿ ಹಣವಿಲ್ಲ. ಪಟ್ಟಣದ ಶಾಲೆಯಲ್ಲಿ ಅರೆಹೊಟ್ಟೆಯ ಊಟಕ್ಕೆ ಮಾತ್ರ ಹಣ ಕಟ್ಟಲು ಸಾಧ್ಯವಾಯಿತು. 1838ರಲ್ಲಿ ಬಿಟ್ಟಿ ಕೆಲಸ ಮಾಡುತ್ತಿದ್ದಾಗ ಮರದ ದಿಮ್ಮಿ ಬಿದ್ದು ತಂದೆ ಜರ್ಜರಿತರಾದರು. ಹದಿನಾರು ವರ್ಷದ ಮಗ ಮನೆಪಾಠ ಹೇಳಿ ತನ್ನ ಹೊಟ್ಟೆ ತಾನೇ ಹೊರೆದುಕೊಳ್ಳಬೇಕಾಯಿತು. ಚಿಂತೆಯಿಂದ, ಹಸಿವಿನಿಂದ ಹಲವು ಸಲ ಹಾಸಿಗೆ ಹಿಡಿದ. ಮುಂದೆ ಕಾಲೇಜಿಗೆ ಹೋಗಲು ದಾರಿಯೇ ಇಲ್ಲದಿದ್ದಾಗ ತಂಗಿ ಥೆರೇಸಿಯಾ ತನ್ನ ಮದುವೆಗೆಂದು ಇಟ್ಟಿದ್ದ ಪಾಲಿನಲ್ಲಿ ಒಂದು ಭಾಗವನ್ನು ಅಣ್ಣನ ಕೈಗೆ ಕೊಟ್ಟಳು. ಮೆಂಡೆಲರು ಆ ಋಣವನ್ನು ಮರೆಯಲಿಲ್ಲ. ಮುಂದೆ ತಂಗಿಯ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸಕ್ಕೆ ತಾವೇ ನೆರವಾದರು. ಅವರಲ್ಲಿ ಇಬ್ಬರು ವೈದ್ಯರಾದರು.

ಗುರುಗಳಾದರು, ಪರೀಕ್ಷೆಯಲ್ಲಿ ಸೋತರು

1843ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಯೋಹಾನ್ ಬ್ರೂನ್ ನಗರದ ಸಂತ ತೋಮಸರ ಮಠವನ್ನು ಸೇರಿದರು. ಈ ನಗರಕ್ಕೆ ಇಂದು ಬ್ರನೊ ಎಂದು ಹೆಸರು. ಅದು ಸಂತ ಅಗುಸ್ತೀನರ ನಿಯಮವನ್ನು ಪಾಲಿಸುವ ಸನ್ಯಾಸಿಗಳ ಮಠ. ಅಲ್ಲಿ ಅವರಿಗೆ ಗ್ರೆಗೋರ್ ಎಂಬ ಹೊಸ ಹೆಸರು ಬಂತು. ಹೊಟ್ಟೆಪಾಡಿನ ಚಿಂತೆ ತೀರಬೇಕೆಂಬುದೂ ಮಠ ಸೇರಲು ಒಂದು ಕಾರಣವಾಗಿತ್ತು ಎಂಬುದನ್ನು ಮೆಂಡೆಲರು ಮುಚ್ಚಿಡಲಿಲ್ಲ. ದೇವರ ಕರೆ ಕೆಲವೊಮ್ಮೆ ಇಂಥ ಹಾದಿಯಲ್ಲೂ ಬರುತ್ತದೆ. 1847ರ ಆಗಸ್ಟ್ 6ರಂದು, ಪ್ರಭುವಿನ ರೂಪಾಂತರದ ಹಬ್ಬದ ದಿನ, ಅವರು ಗುರುದೀಕ್ಷೆ ಪಡೆದರು.

ಮೊದಲು ಅವರಿಗೆ ವಹಿಸಿದ್ದು ಆತ್ಮಪಾಲನೆಯ ಕೆಲಸ. ಆದರೆ ರೋಗಿಗಳ ನರಳಾಟ, ಸಾಯುವವರ ಸಂಕಟ ಕಂಡು ಕಂಡು ಅವರೇ ಕಾಯಿಲೆ ಬಿದ್ದರು. ಮಠಾಧ್ಯಕ್ಷ ಸಿರಿಲ್ ನಾಪ್ ಅವರು ವಿವೇಕಿಗಳು. ಈ ಯುವ ಗುರುವನ್ನು ಗದರಿಸದೆ, ಅವರಿಗೆ ಒಗ್ಗುವ ಕೆಲಸ ಪಾಠ ಹೇಳುವುದು ಎಂದು ಗುರುತಿಸಿ, 1849ರಲ್ಲಿ ಶಾಲೆಯೊಂದಕ್ಕೆ ಕಳುಹಿಸಿದರು. ವಿದ್ಯಾರ್ಥಿಗಳು ಮೆಂಡೆಲರನ್ನು ಬಹಳ ಮೆಚ್ಚಿಕೊಂಡರು. ಆದರೆ ಕಾಯಂ ಉಪಾಧ್ಯಾಯರಾಗಲು ಸರ್ಕಾರಿ ಪರೀಕ್ಷೆ ಪಾಸಾಗಬೇಕಿತ್ತು. 1850ರಲ್ಲಿ ಪರೀಕ್ಷೆಗೆ ಕುಳಿತು ಫೇಲಾದರು. ಜೀವಿಗಳ ಬಗೆಗಿನ ವಿಜ್ಞಾನಕ್ಕೆ ತಳಪಾಯ ಹಾಕಬೇಕಾದವರು ಪ್ರಾಣಿಶಾಸ್ತ್ರದ ಉತ್ತರದಲ್ಲೇ ಎಡವಿದ್ದರು!

ಮಠಾಧ್ಯಕ್ಷರು ಕೈಬಿಡಲಿಲ್ಲ. 1851ರಿಂದ 1853ರವರೆಗೆ ವಿಯೆನ್ನಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿ ಓದಿಸಿದರು. ಅಲ್ಲಿ ಪ್ರಸಿದ್ಧ ವಿಜ್ಞಾನಿ ಡಾಪ್ಲರ್ ಅವರಿಂದ ಭೌತಶಾಸ್ತ್ರವನ್ನೂ, ಉಂಗರ್ ಅವರಿಂದ ಸಸ್ಯಶಾಸ್ತ್ರವನ್ನೂ ಕಲಿತರು. ಗಿಡವನ್ನು ನೋಡುವ ಕಣ್ಣು, ಲೆಕ್ಕ ಮಾಡುವ ಬುದ್ಧಿ ಎರಡೂ ಒಬ್ಬರಲ್ಲೇ ಕೂಡಿಬಂದದ್ದು ಹೀಗೆ. 1856ರಲ್ಲಿ ಮತ್ತೆ ಪರೀಕ್ಷೆ ಬರೆಯಲು ಹೋದರು. ಈ ಸಲವೂ ಆರೋಗ್ಯ ಕೆಟ್ಟು ಬರಿಗೈಯಲ್ಲಿ ಹಿಂದಿರುಗಿದರು. ಕೊನೆಯವರೆಗೂ ಅವರು ಬದಲಿ ಉಪಾಧ್ಯಾಯರಾಗಿಯೇ ಉಳಿದರು.

ಎಂಟು ವರ್ಷದ ಬಟಾಣಿ

ಎರಡನೆಯ ಸೋಲಿನ ಅದೇ ವರ್ಷ ಮೆಂಡೆಲರು ಮಠದ ಹಿತ್ತಲಿನ ಸಣ್ಣ ಕೈತೋಟದಲ್ಲಿ ಬಟಾಣಿ ಬಳ್ಳಿಗಳ ಪ್ರಯೋಗ ಆರಂಭಿಸಿದರು. ಆ ತೋಟ ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲ. ಆ ಕಾಲದ ತಿಳಿವಳಿಕೆಯ ಪ್ರಕಾರ ತಂದೆತಾಯಿಯ ಗುಣಗಳು ಹಾಲಿನಲ್ಲಿ ಡಿಕಾಕ್ಷನ್ ಬೆರೆತಂತೆ ಮಗುವಿನಲ್ಲಿ ಬೆರೆತುಹೋಗುತ್ತವೆ. ಬೆರೆತ ಕಾಫಿಯಿಂದ ಹಾಲನ್ನು ಮತ್ತೆ ಬೇರ್ಪಡಿಸಲಾಗದು. ಹಾಗಿದ್ದರೆ ಮುತ್ತಜ್ಜಿಯ ಗುಂಗುರು ಕೂದಲು ಎರಡು ತಲೆಮಾರಿನ ನಂತರ ಮತ್ತೆ ಕಾಣಿಸಿಕೊಳ್ಳುವುದು ಹೇಗೆ?

ಬಟಾಣಿ ಹೂವು ತನ್ನ ಪರಾಗವನ್ನು ತಾನೇ ಪಡೆದು ಕಾಯಿ ಕಟ್ಟುತ್ತದೆ. ಮೆಂಡೆಲರು ಹೂವು ಅರಳುವ ಮೊದಲೇ ಮೊಗ್ಗನ್ನು ಬಿಡಿಸಿ, ಕೇಸರಗಳನ್ನು ಚಿಮಟದಿಂದ ತೆಗೆದುಹಾಕಿ, ಬೇರೆ ಗಿಡದ ಪರಾಗವನ್ನು ತಂದು ಸವರುತ್ತಿದ್ದರು. ದುಂಬಿ ಬಂದು ಲೆಕ್ಕ ಕೆಡಿಸದಂತೆ ಹೂವಿಗೆ ಸಣ್ಣ ಚೀಲ ಕಟ್ಟುತ್ತಿದ್ದರು. ಬೀಜ ಗುಂಡೋ ಸುಕ್ಕೋ, ಹಳದಿಯೋ ಹಸಿರೋ, ಗಿಡ ಎತ್ತರವೋ ಕುಳ್ಳೋ ಎಂಬಂಥ ಏಳು ಗುಣಗಳನ್ನು ಆರಿಸಿಕೊಂಡು, ಎಂಟು ವರ್ಷಗಳಲ್ಲಿ ಸುಮಾರು 28,000 ಗಿಡಗಳನ್ನು ಪರೀಕ್ಷಿಸಿದರು. ಇಷ್ಟೆಲ್ಲ ನಡೆದದ್ದು ಬಲಿಪೂಜೆ, ಜಪ, ಶಾಲೆಯ ಪಾಠ ಇವುಗಳ ನಡುವೆಯೇ.

ಗುಂಡು ಬೀಜದ ಗಿಡಕ್ಕೂ ಸುಕ್ಕು ಬೀಜದ ಗಿಡಕ್ಕೂ ಸಂಕರ ಮಾಡಿದಾಗ ಬಂದ ಬೀಜಗಳೆಲ್ಲ ಗುಂಡಾಗಿದ್ದವು. ಸುಕ್ಕು ಅಳಿದೇ ಹೋಯಿತು ಎನ್ನುವಂತಿತ್ತು. ಆ ಗುಂಡು ಬೀಜಗಳನ್ನು ಬಿತ್ತಿ, ಹೂವುಗಳನ್ನು ತಮ್ಮಷ್ಟಕ್ಕೆ ಬಿಟ್ಟು ಮುಂದಿನ ಬೆಳೆ ತೆಗೆದಾಗ 7,324 ಬೀಜಗಳು ಬಂದವು. ಮೆಂಡೆಲರು ಒಂದೊಂದಾಗಿ ಎಣಿಸಿದರು. 5,474 ಗುಂಡು, 1,850 ಸುಕ್ಕು. ಮರೆಯಾಗಿದ್ದ ಗುಣ ಮತ್ತೆ ಬಂದಿತ್ತು, ಅದೂ ಮೂರಕ್ಕೆ ಒಂದರ ಲೆಕ್ಕದಲ್ಲಿ. ಉಳಿದ ಆರು ಗುಣಗಳಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ.

ಇದರ ಅರ್ಥವೇನು? ಪ್ರತಿ ಗುಣಕ್ಕೂ ಗಿಡದಲ್ಲಿ ಎರಡು ಅಂಶಗಳಿವೆ. ಒಂದು ತಂದೆಯದು, ಒಂದು ತಾಯಿಯದು. ಅವು ಬೆರೆತುಹೋಗುವುದಿಲ್ಲ. ಒಂದು ಪ್ರಬಲವಾಗಿ ಮೇಲೆ ಕಾಣುತ್ತದೆ, ಇನ್ನೊಂದು ಸುಪ್ತವಾಗಿ ಒಳಗೆ ಉಳಿಯುತ್ತದೆ. ಮುಂದಿನ ಪೀಳಿಗೆಗೆ ಹೋಗುವಾಗ ಎರಡರಲ್ಲಿ ಒಂದು ಮಾತ್ರ ಹೋಗುತ್ತದೆ. ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿ ನೋಡಿ. ಎರಡೂ ತಲೆ, ಮೊದಲನೆಯದು ತಲೆ ಎರಡನೆಯದು ಬಾಲ, ಮೊದಲನೆಯದು ಬಾಲ ಎರಡನೆಯದು ತಲೆ, ಎರಡೂ ಬಾಲ ಎಂದು ನಾಲ್ಕು ಬಗೆಯಲ್ಲಿ ಬೀಳಬಹುದು. ತಲೆ ಎಂದರೆ ಗುಂಡು, ಬಾಲ ಎಂದರೆ ಸುಕ್ಕು ಎಂದಿಟ್ಟುಕೊಂಡರೆ, ನಾಲ್ಕರಲ್ಲಿ ಮೂರು ಸಲ ಗುಂಡು ಬೀಜವೇ ಕಾಣುತ್ತದೆ. ಎರಡೂ ಬಾಲ ಬಿದ್ದಾಗ ಮಾತ್ರ ಸುಕ್ಕು ಹೊರಬರುತ್ತದೆ.

ಈ ಜ್ಞಾನ ಮುಂದೆ ನಮ್ಮ ಊಟದ ತಟ್ಟೆಗೂ ಬಂತು. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ ಮತ್ತು ಆಫ್ರಿಕಾ ಸೇರಿ ಇಂಡಾಫ್. ರಾಗಿಯ ಹೂವು ಬಟಾಣಿ ಹೂವಿಗಿಂತ ಎಷ್ಟೋ ಚಿಕ್ಕದು. ಅದರಲ್ಲಿ ಸಂಕರ ಮಾಡಲು ಎಷ್ಟು ತಾಳ್ಮೆ ಬೇಕೆಂದು ರೈತರಿಗೆ ಹೇಳಬೇಕಾಗಿಲ್ಲ.

ಯಾರೂ ಕೇಳಲಿಲ್ಲ

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಮೆಂಡೆಲರು ಬ್ರೂನ್ ನಗರದ ವಿಜ್ಞಾನ ಸಂಘದಲ್ಲಿ ತಮ್ಮ ಫಲಿತಾಂಶಗಳನ್ನು ಓದಿದರು. ಮರುವರ್ಷ ಅದು ಅಚ್ಚಾಯಿತು. ಪ್ರತ್ಯೇಕ ಪ್ರತಿಗಳನ್ನು ತರಿಸಿ ಕೆಲವು ವಿದ್ವಾಂಸರಿಗೆ ಕಳುಹಿಸಿದರು. ಆದರೆ ಅದರ ಮಹತ್ವ ಯಾರಿಗೂ ಹೊಳೆಯಲಿಲ್ಲ. ನೇಗೆಲಿ ಎಂಬ ದೊಡ್ಡ ಪ್ರಾಧ್ಯಾಪಕರೊಡನೆ ವರ್ಷಗಟ್ಟಲೆ ಪತ್ರ ವ್ಯವಹಾರ ನಡೆಯಿತು. ಅವರು ಬಟಾಣಿಯ ಲೆಕ್ಕವನ್ನು ಮೆಚ್ಚದೆ, ತಮಗೆ ಪ್ರಿಯವಾದ ಬೇರೊಂದು ಕಾಡುಗಿಡದ ಕಡೆಗೆ ಮೆಂಡೆಲರ ಗಮನ ಎಳೆದರು. ಆ ಗಿಡ ಬಹುಮಟ್ಟಿಗೆ ಪರಾಗದ ನೆರವಿಲ್ಲದೆಯೇ ಬೀಜ ಕಟ್ಟುತ್ತದೆಂಬುದು ಆಗ ಇಬ್ಬರಿಗೂ ತಿಳಿದಿರಲಿಲ್ಲ. ಹಲವು ವರ್ಷಗಳ ದುಡಿಮೆ, ಕಣ್ಣುನೋವು ಎಲ್ಲವೂ ನಿಷ್ಫಲವಾಯಿತು.

1868ರಲ್ಲಿ ಸನ್ಯಾಸಿಗಳು ಮೆಂಡೆಲರನ್ನು ಮಠಾಧ್ಯಕ್ಷರನ್ನಾಗಿ ಆರಿಸಿದರು. ಆಡಳಿತದ ಭಾರ ಬಿದ್ದ ಮೇಲೆ ಪ್ರಯೋಗಕ್ಕೆ ಸಮಯ ಸಾಲಲಿಲ್ಲ. ಆದರೂ ಜೇನು ಸಾಕಿದರು, ಮಳೆ ಗಾಳಿಯ ಲೆಕ್ಕವನ್ನು ದಿನವೂ ಬರೆದಿಟ್ಟರು, ಹುಟ್ಟೂರಿನಲ್ಲಿ ಬೆಂಕಿ ಆರಿಸುವ ದಳಕ್ಕೆ ಹಣ ಕೊಟ್ಟರು. 1874ರಲ್ಲಿ ಸರ್ಕಾರ ಮಠಗಳ ಮೇಲೆ ಹೊಸ ತೆರಿಗೆ ಹೇರಿದಾಗ ಅದು ಅನ್ಯಾಯವೆಂದು ಕಟ್ಟಲು ಒಪ್ಪಲಿಲ್ಲ. ಬೇರೆ ಮಠಗಳು ರಾಜಿಯಾದರೂ ಅವರು ಜಗ್ಗಲಿಲ್ಲ. ಮಠದ ಆಸ್ತಿ ಜಪ್ತಿಯಾಯಿತು, ಗೆಳೆಯರು ದೂರವಾದರು. ಈ ಹಟದಲ್ಲಿ ಅವರ ಕೊನೆಯ ಹತ್ತು ವರ್ಷಗಳು ಕಹಿಯಾದವೆಂಬುದನ್ನು ಮರೆಮಾಚಬೇಕಾಗಿಲ್ಲ. ಅವರು ಸಂತರೆಂದು ಘೋಷಿತರಾದವರಲ್ಲ. ನಮ್ಮ ನಿಮ್ಮಂತೆ ಸೋತ, ನೊಂದ, ಮುನಿದ ಮನುಷ್ಯ.

1884ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಮೂತ್ರಪಿಂಡದ ಕಾಯಿಲೆಯಿಂದ ಅವರು ತೀರಿಕೊಂಡರು. ಬಡವರು ಅತ್ತರು. ಆದರೆ ಒಬ್ಬ ಮಹಾ ವಿಜ್ಞಾನಿ ಹೋದರೆಂದು ಅಳುವವರು ಯಾರೂ ಇರಲಿಲ್ಲ. ಅವರ ಅನೇಕ ಕಾಗದಪತ್ರಗಳನ್ನು ಮಠದಲ್ಲೇ ಸುಟ್ಟುಹಾಕಲಾಯಿತು. 1900ರಲ್ಲಿ ಯೂರೋಪಿನ ಬೇರೆ ಬೇರೆ ದೇಶಗಳ ವಿಜ್ಞಾನಿಗಳು ತಾವೇ ಹೊಸದಾಗಿ ಕಂಡುಹಿಡಿದೆವೆಂದುಕೊಂಡು ಹಳೆಯ ಪುಸ್ತಕಗಳನ್ನು ತಿರುವಿದಾಗ, ಆ ಸತ್ಯವನ್ನು 34 ವರ್ಷಗಳ ಹಿಂದೆಯೇ ಒಬ್ಬ ಕಥೋಲಿಕ ಗುರು ಅಚ್ಚು ಹಾಕಿಸಿದ್ದು ಕಂಡುಬಂತು.

ನಮ್ಮ ಒಳಗಿನ ಲೆಕ್ಕ

ಮೆಂಡೆಲರು ಊಹಿಸಿದ ಅಂಶಗಳು ಎಲ್ಲಿವೆ ಎಂಬುದು ಸೂಕ್ಷ್ಮದರ್ಶಕದಿಂದ ನಿಧಾನವಾಗಿ ತಿಳಿಯಿತು. ನಮ್ಮ ದೇಹ ಜೀವಕೋಶಗಳಿಂದ ಆಗಿದೆ. ಪ್ರತಿ ಕೋಶದ ನಡುವಿನ ಬೀಜದಲ್ಲಿ ದಾರದಂಥ ವರ್ಣತಂತುಗಳಿವೆ. ಅವುಗಳ ಮೇಲೆ ಸಾಲಾಗಿ ವಂಶವಾಹಿಗಳಿವೆ. ಮನುಷ್ಯನ ಕೋಶದಲ್ಲಿ 46 ವರ್ಣತಂತುಗಳು, ಎಂದರೆ 23 ಜೋಡಿ.

ಗಾಯ ಮಾಯುವಾಗ, ಮಗು ಬೆಳೆಯುವಾಗ ಒಂದು ಕೋಶ ಎರಡಾಗುತ್ತದೆ. ಆಗ 46 ತಂತುಗಳಿಗೂ ನಕಲು ತಯಾರಾಗಿ ಎರಡೂ ಕೋಶಗಳಿಗೆ 46 ತಂತುಗಳು ಸಮನಾಗಿ ಹಂಚಿಕೆಯಾಗುತ್ತವೆ. ತಾಯಿಯ ಅಂಡಾಣು, ತಂದೆಯ ವೀರ್ಯಾಣು ಉಂಟಾಗುವಾಗ ಮಾತ್ರ ಹಂಚಿಕೆ ಬೇರೆ. ಜೋಡಿಯಿಂದ ಒಂದೊಂದೇ ತಂತು ಹೋಗಿ 23 ಆಗುತ್ತದೆ. ಇವೆರಡೂ ಕೂಡಿದಾಗ ಮತ್ತೆ 46. ಬಸಿರಾದ ಆ ಮೊದಲ ಗಳಿಗೆಯಲ್ಲೇ ಹೊಸ ಜೀವಕ್ಕೆ ತನ್ನದೇ ಆದ, ತಂದೆಯದೂ ಅಲ್ಲದ ತಾಯಿಯದೂ ಅಲ್ಲದ ಲಿಪಿ ಸಿದ್ಧವಾಗಿರುತ್ತದೆ. ಮಾನವ ಜೀವಕ್ಕೆ ಗರ್ಭದಿಂದಲೇ ಗೌರವ ಸಲ್ಲಬೇಕೆಂದು ಧರ್ಮಸಭೆ ಬೋಧಿಸುವಾಗ ಈ ಮಾತನ್ನು ನೆನೆಯಬಹುದು.

ಈಗ ಆ ಬಾಣಂತಿಯ ಮಾತಿಗೆ ಬರೋಣ. 23ನೆಯ ಜೋಡಿಯಲ್ಲಿ ಹೆಂಗಸಿಗೆ ಎರಡು ಎಕ್ಸ್ ತಂತುಗಳಿವೆ. ಗಂಡಸಿಗೆ ಒಂದು ಎಕ್ಸ್, ಒಂದು ವೈ. ತಾಯಿ ಕೊಡುವುದು ಯಾವಾಗಲೂ ಎಕ್ಸ್. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಆದ್ದರಿಂದ ಸೊಸೆಯನ್ನು ದೂರಲು ಕಾರಣವೇ ಇಲ್ಲ. ಹಾಗೆಂದು ಮಗನನ್ನು ದೂರುವುದೂ ಸಲ್ಲದು. ಯಾವುದು ಬರಬೇಕೆಂದು ಅವನೂ ಆರಿಸಲಾರ. ಹೆಣ್ಣಾಗಲಿ ಗಂಡಾಗಲಿ, ಅದು ದೇವರ ಕೊಡುಗೆ. ಈ ಅರಿವಿಲ್ಲದೆ ಎಷ್ಟು ಹೆಣ್ಣುಮಕ್ಕಳು ನಮ್ಮ ನಾಡಿನಲ್ಲಿ ಕಣ್ಣೀರು ಸುರಿಸಿದ್ದಾರೆ, ಎಷ್ಟು ಹೆಣ್ಣು ಭ್ರೂಣಗಳು ಹುಟ್ಟುವ ಮುನ್ನವೇ ಅಳಿದಿವೆ!

ಕೆಲವೊಮ್ಮೆ ಹಂಚಿಕೆಯಲ್ಲಿ ತಪ್ಪಾಗಿ ಒಂದು ತಂತು ಹೆಚ್ಚಾಗಿ ಬರುವುದುಂಟು. 21ನೆಯ ತಂತು ಎರಡರ ಬದಲು ಮೂರಾದಾಗ ಡೌನ್ ಸಿಂಡ್ರೋಮ್ ಉಂಟಾಗುತ್ತದೆ. 1959ರಲ್ಲಿ ಪ್ಯಾರಿಸ್ಸಿನ ಕಥೋಲಿಕ ವೈದ್ಯ ಜೆರೋಮ್ ಲೆಜೂನ್ ಮತ್ತು ಸಹೋದ್ಯೋಗಿಗಳು ಇದನ್ನು ಪ್ರಕಟಿಸಿದರು. ಅದುವರೆಗೆ ತಂದೆತಾಯಿಯ ನಡತೆಯನ್ನೇ ಶಂಕಿಸುತ್ತಿದ್ದ ಸಮಾಜಕ್ಕೆ ಅದು ಯಾರ ಪಾಪವೂ ಅಲ್ಲವೆಂದು ಸ್ಪಷ್ಟವಾಯಿತು. ಇಂಥ ಮಕ್ಕಳ ಪರವಾಗಿ ಬಾಳೆಲ್ಲ ದನಿಯೆತ್ತಿದ ಲೆಜೂನರನ್ನು 2021ರಲ್ಲಿ ಧರ್ಮಸಭೆ ಪೂಜ್ಯರೆಂದು ಘೋಷಿಸಿದೆ.

ಸಂಬಂಧದೊಳಗಿನ ಮದುವೆ

ಮೆಂಡೆಲರ ಲೆಕ್ಕ ನಮ್ಮ ಕರ್ನಾಟಕದ ಮನೆಗಳಿಗೆ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಅತ್ತೆಯ ಮಗನಿಗೆ ಮಾವನ ಮಗಳನ್ನು ತರುವುದು ಇಲ್ಲಿನ ಹಳೆಯ ರೂಢಿ. ಆಸ್ತಿ ಚೆದುರುವುದಿಲ್ಲ, ಹುಡುಗಿ ಕಣ್ಣೆದುರಿಗೇ ಇರುತ್ತಾಳೆ ಎಂದು ಹಿರಿಯರ ಲೆಕ್ಕಾಚಾರ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳ ರಕ್ತ ಪರೀಕ್ಷೆಯ ದೊಡ್ಡ ಕಾರ್ಯಕ್ರಮ ನಡೆಯಿತು. ಗೊರಗುಂಟೆಪಾಳ್ಯದಿಂದ ಯಶವಂತಪುರ ದಾಟಿದರೆ ಸಿಗುವ ಟಾಟಾ ಇನ್‌ಸ್ಟಿಟ್ಯೂಟ್, ಎಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಅದರಲ್ಲಿದ್ದರು. ಆಗ ತಿಳಿದದ್ದು: ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೇ ಆಗಿತ್ತು. ಕ್ರೈಸ್ತರಲ್ಲಿ ಪ್ರಮಾಣ ಕಡಿಮೆಯಿದ್ದರೂ ಇಲ್ಲದಿರಲಿಲ್ಲ.

ಇದರಲ್ಲಿ ಅಪಾಯವೇನು? ನಮ್ಮೆಲ್ಲರಲ್ಲೂ ಸುಕ್ಕು ಬೀಜದಂತೆ ಒಂದಷ್ಟು ದೋಷದ ಅಂಶಗಳು ಸುಪ್ತವಾಗಿರುತ್ತವೆ. ಜೋಡಿಯ ಇನ್ನೊಂದು ಅಂಶ ಸರಿಯಿದ್ದರೆ ತೊಂದರೆಯಿಲ್ಲ. ಹೊರಗಿನಿಂದ ಬಂದ ಸೊಸೆಯಲ್ಲಿ ಅದೇ ದೋಷ ಇರುವ ಸಂಭವ ಕಡಿಮೆ. ಒಂದೇ ಅಜ್ಜ ಅಜ್ಜಿಯಿಂದ ಬಂದವರಾದರೆ ಇಬ್ಬರಲ್ಲೂ ಅದೇ ದೋಷ ಇರುವ ಸಂಭವ ಹೆಚ್ಚು. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಾಧ್ಯತೆ. ಥಲಸೇಮಿಯಾ ಎಂಬ ರಕ್ತದ ಕಾಯಿಲೆ, ಹುಟ್ಟುಕಿವುಡಿನ ಹಲವು ಬಗೆಗಳು ಹೀಗೆ ಬರುತ್ತವೆ. ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂವರು ಸುರಕ್ಷಿತ ಎನ್ನುವಂತಿಲ್ಲ. ನಾಣ್ಯ ಪ್ರತಿ ಸಲವೂ ಹೊಸದಾಗಿ ಚಿಮ್ಮುತ್ತದೆ.

ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಬಹು ಹಿಂದಿನಿಂದಲೂ ಬಿಗಿಯಾಗಿದೆ. 1983ರ ಸಂಹಿತೆಯ ಪ್ರಕಾರ ಮಾವ ಸೊಸೆಯರ ನಡುವೆಯೂ, ಅತ್ತೆ ಮಾವಂದಿರ ಮಕ್ಕಳ ನಡುವೆಯೂ ಧರ್ಮಾಧ್ಯಕ್ಷರ ಕಡೆಯಿಂದ ವಿಶೇಷ ಅನುಮತಿಯಿಲ್ಲದೆ ಮದುವೆ ಊರ್ಜಿತವಾಗುವುದಿಲ್ಲ. ಗುರುಗಳು ಮದುವೆಗೆ ಮುನ್ನ ಸಂಬಂಧ ವಿಚಾರಿಸಿದಾಗ ಮುನಿಸಿಕೊಳ್ಳುವವರು, ಸಂಬಂಧವನ್ನು ಮುಚ್ಚಿಡುವವರು ಇದನ್ನು ಮನಗಾಣಬೇಕು.

ಈಗಾಗಲೇ ಸಂಬಂಧದೊಳಗೆ ಮದುವೆಯಾದವರು ಹೆದರಬೇಕಾಗಿಲ್ಲ. ಅವರ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಮನೆತನದಲ್ಲಿ ಕಾಯಿಲೆಯ ಇತಿಹಾಸವಿದ್ದರೆ ದೊಡ್ಡ ಆಸ್ಪತ್ರೆಗಳಲ್ಲಿ ಆನುವಂಶಿಕ ಸಲಹೆ ನೀಡುವ ವೈದ್ಯರನ್ನು ಕಾಣಬಹುದು. ಕಾಯಿಲೆಯ ಮಗುವಿದ್ದರೆ ಅದರ ಪಾಲನೆಗೆ ಹೆಗಲು ಕೊಡುವುದು ಇಡೀ ಧರ್ಮಕೇಂದ್ರದ ಕರ್ತವ್ಯ.

ಎರಡು ಸಲ ಪರೀಕ್ಷೆಯಲ್ಲಿ ಸೋತ, ಬದುಕಿದ್ದಾಗ ಯಾರೂ ಗುರುತಿಸದ ಒಬ್ಬ ಗುರು ದೇವರ ಸೃಷ್ಟಿಯ ಒಂದು ನಿಯಮವನ್ನು ಬಟಾಣಿ ಕಾಳುಗಳಲ್ಲಿ ತಾಳ್ಮೆಯಿಂದ ಎಣಿಸಿ ನಮಗೆ ಬಿಟ್ಟುಹೋದರು. ಮಗುವಿನಲ್ಲಿ ತಂದೆಗೂ ತಾಯಿಗೂ ಪಾಲಿದೆ, ಯಾವುದು ಬರಬೇಕೆಂದು ಆರಿಸಿದವರು ಯಾರೂ ಇಲ್ಲ, ಆದ್ದರಿಂದ ಯಾರನ್ನೂ ದೂರುವಂತಿಲ್ಲ. ಮುಂದಿನ ಸಲ ಜ್ಞಾನಸ್ನಾನದ ಊಟಕ್ಕೆ ಹೋದಾಗ ಮೂಗು ಯಾರದು, ಕೂದಲು ಯಾರದು ಎಂದು ಸಂತೋಷವಾಗಿ ಮಾತಾಡೋಣ. ಆದರೆ ಒಳಕೋಣೆಯಲ್ಲಿ ತಲೆ ತಗ್ಗಿಸಿ ಕುಳಿತ ತಾಯಿಯೊಬ್ಬಳಿದ್ದರೆ, ಅವಳ ಬಳಿಗೆ ಹೋಗಿ ಅವಳದೇನೂ ತಪ್ಪಿಲ್ಲವೆಂದು ಮನೆಯವರೆಲ್ಲರಿಗೂ ಕೇಳುವಂತೆ ಹೇಳಿಬರೋಣ.